ಮೇಜಿನ ಮೇಲೆ ಹುಟ್ಟಿದ ಗಣಿತ: ಸ್ಟೆಫಾನ್ ಬಾನಾಖರ ಬದುಕು

ಗಣಿತಜ್ಞನೆಂದರೆ ಏಕಾಂತದ ಕೋಣೆಯಲ್ಲಿ ಕಾಗದದ ರಾಶಿಯ ನಡುವೆ ಮೌನವಾಗಿ ಕುಳಿತವನು ಎಂಬ ಚಿತ್ರ ಜನಮನದಲ್ಲಿ ನೆಲೆನಿಂತಿದೆ. ಪೋಲೆಂಡಿನ ಸ್ಟೆಫಾನ್ ಬಾನಾಖ್ ಈ ಚಿತ್ರಕ್ಕೆ ಒಗ್ಗದವರು. ಅವರಿಗೆ ಬೇಕಾಗಿದ್ದುದು ಏಕಾಂತವಲ್ಲ, ಕಾಫಿಗೃಹದ ಗದ್ದಲ ಮತ್ತು ಎದುರು ಕುಳಿತು ವಾದಿಸುವ ಗೆಳೆಯರು. ಬರೆಯುವುದೆಂದರೆ ಅವರಿಗೆ ಬೇಸರ, ಮಾತನಾಡುವುದೆಂದರೆ ಉತ್ಸಾಹ. ಅವರ ಗಣಿತದ ಬಹುಭಾಗ ಹುಟ್ಟಿದ್ದು ಮಾತಿನಲ್ಲಿ. ಉಳಿದದ್ದು ಬರಹಕ್ಕೆ ಇಳಿದಷ್ಟು ಮಾತ್ರ. ಎರಡರ ನಡುವೆ ಎಷ್ಟೋ ಕಳೆದುಹೋಯಿತು. ಕಳೆಯದೆ ಉಳಿದದ್ದು ಇಪ್ಪತ್ತನೆಯ ಶತಮಾನದ ಗಣಿತಕ್ಕೆ ಹೊಸದೊಂದು ನೆಲೆಯನ್ನೇ ಕಟ್ಟಿಕೊಟ್ಟಿತು.

ಬಾನಾಖ್ ಹುಟ್ಟಿದ್ದು 1892ರ ಮಾರ್ಚ್ 30ರಂದು, ಕ್ರಾಕುಫ್ ನಗರದಲ್ಲಿ. ಆಗ ಪೋಲೆಂಡ್ ಎಂಬ ಸ್ವತಂತ್ರ ರಾಷ್ಟ್ರ ಭೂಪಟದಲ್ಲಿ ಇರಲಿಲ್ಲ. ಪೋಲಿಷ್ ನುಡಿಯುವ ನಾಡು ರಷ್ಯಾ, ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೆರಿಗಳಲ್ಲಿ ಹಂಚಿಹೋಗಿತ್ತು. ಕ್ರಾಕುಫ್ ಆಸ್ಟ್ರಿಯಾದ ಪಾಲಿಗೆ ಸೇರಿತ್ತು. ತಂದೆ ಸ್ಟೆಫಾನ್ ಗ್ರೆಚೆಕ್ ಸೇನೆಯಲ್ಲಿದ್ದವರು. ತಾಯಿ ಕಾತಾಝಿನಾ ಬಾನಾಖ್. ಅವರಿಬ್ಬರಿಗೆ ಮದುವೆಯಾಗಿರಲಿಲ್ಲ. ಮಗುವಿಗೆ ತಂದೆಯಿಂದ ಬಂದದ್ದು ಹೆಸರು, ತಾಯಿಯಿಂದ ಬಂದದ್ದು ಮನೆತನದ ಹೆಸರು. ತಾಯಿಯ ಮಡಿಲು ಆ ಮಗುವಿಗೆ ದಕ್ಕಲಿಲ್ಲ. ದೊಡ್ಡವರಾದ ಮೇಲೆ ತಾಯಿಯ ವಿಚಾರವನ್ನು ತಂದೆಯಲ್ಲಿ ಕೇಳಿದರೂ ಉತ್ತರ ಸಿಗಲಿಲ್ಲ. ಆ ಪ್ರಶ್ನೆ ಅವರ ಬದುಕಿನ ಕೊನೆಯವರೆಗೂ ಹಾಗೆಯೇ ಉಳಿಯಿತು.

ಕ್ರಾಕುಫ್‌ನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯನ್ನು ನಡೆಸುತ್ತಿದ್ದ ಫ್ರಾನ್ಸಿಷ್ಕಾ ಪ್ವೊವಾ ಎಂಬಾಕೆ ಮಗುವನ್ನು ಸಾಕಿದರು. ಆ ಮನೆಗೆ ಹತ್ತಿರದವರಾಗಿದ್ದ ಯೂಲಿಯುಷ್ ಮಿಯೆನ್ ಎಂಬ ಫ್ರೆಂಚ್ ವಿದ್ವಾಂಸರು ಬಾಲಕನಿಗೆ ಫ್ರೆಂಚ್ ಕಲಿಸಿದರು. ಮುಂದೆ ಬಾನಾಖರ ಬಹುತೇಕ ಮಹತ್ವದ ಲೇಖನಗಳು ಹೊರಬಂದದ್ದು ಆ ಭಾಷೆಯಲ್ಲಿಯೇ. ಪ್ರೌಢಶಾಲೆಯಲ್ಲಿ ಗಣಿತದ ಹೊರತು ಬೇರೆ ವಿಷಯಗಳಲ್ಲಿ ಆತನಿಗೆ ಹೆಚ್ಚಿನ ಒಲವಿರಲಿಲ್ಲ. ವಿತೋಲ್ಡ್ ವಿಲ್ಕೊಷ್ ಎಂಬ ಸಹಪಾಠಿಯೊಡನೆ ಲೆಕ್ಕಗಳನ್ನು ಬಿಡಿಸುತ್ತ ಬಿಡುವಿನ ವೇಳೆ ಕಳೆಯುತ್ತಿತ್ತು. 1910ರಲ್ಲಿ ಶಾಲೆ ಮುಗಿದಾಗ ಈ ಇಬ್ಬರು ಗೆಳೆಯರೂ ಗಣಿತದಲ್ಲಿ ಇನ್ನು ಹೊಸದಾಗಿ ಕಂಡುಹಿಡಿಯುವಂಥದ್ದು ಏನೂ ಉಳಿದಿಲ್ಲವೆಂದು ತೀರ್ಮಾನಿಸಿಬಿಟ್ಟರು. ವಿಲ್ಕೊಷ್ ಪೌರಸ್ತ್ಯ ಭಾಷೆಗಳ ಅಧ್ಯಯನಕ್ಕೆ ಹೋದರು. ಬಾನಾಖ್ ಲ್ವೂಫ್ ನಗರದ ಪಾಲಿಟೆಕ್ನಿಕ್ಕಿನಲ್ಲಿ ಎಂಜಿನಿಯರಿಂಗ್ ಕಲಿಯಲು ಹೊರಟರು. ತಮ್ಮ ತೀರ್ಮಾನ ತಪ್ಪೆಂಬುದಕ್ಕೆ ಮುಂದೆ ಇಬ್ಬರೂ ಸಾಕ್ಷಿಯಾದರು. ವಿಲ್ಕೊಷ್ ಕೂಡ ಗಣಿತಕ್ಕೇ ಮರಳಿದರು.

ಸಾಕುಮನೆಯಿಂದ ಹಣದ ನೆರವು ಇರಲಿಲ್ಲ. ಪಾಠ ಹೇಳಿ ಗಳಿಸಿಕೊಂಡೇ ಓದಬೇಕಾಗಿದ್ದುದರಿಂದ ಓದು ನಿಧಾನವಾಗಿ ಸಾಗಿತು. 1914ರಲ್ಲಿ ಅರ್ಧ ವ್ಯಾಸಂಗದ ಪರೀಕ್ಷೆ ಮುಗಿಯುವ ಹೊತ್ತಿಗೆ ಮೊದಲನೆಯ ಮಹಾಯುದ್ಧ ಆರಂಭವಾಯಿತು. ದೃಷ್ಟಿದೋಷದಿಂದಾಗಿ ಬಾನಾಖರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಲಿಲ್ಲ. ರಸ್ತೆ ಕಾಮಗಾರಿಯ ಮೇಸ್ತ್ರಿಯಾಗಿ ಕೆಲಸ ಮಾಡಿ, ಮತ್ತೆ ಕ್ರಾಕುಫ್‌ಗೆ ಬಂದು ಶಾಲೆಗಳಲ್ಲಿ ಪಾಠ ಹೇಳುತ್ತ ಅವರು ದಿನ ದೂಡಿದರು. ಪದವಿ ಪೂರ್ಣಗೊಳ್ಳಲೇ ಇಲ್ಲ.

ಅವರ ಬದುಕಿನ ತಿರುವು ಒದಗಿದ್ದು 1916ರಲ್ಲಿ. ಹೂಗೊ ಸ್ಟೈನ್‌ಹೌಸ್ ಎಂಬ ಯುವ ಗಣಿತಜ್ಞ ಕ್ರಾಕುಫ್‌ನ ಪ್ಲಾಂತಿ ಉದ್ಯಾನದಲ್ಲಿ ಒಂದು ಸಂಜೆ ಅಡ್ಡಾಡುತ್ತಿದ್ದರು. ಬೆಂಚಿನ ಮೇಲೆ ಕುಳಿತ ಇಬ್ಬರು ತರುಣರ ಮಾತಿನಲ್ಲಿ ಲೆಬೆಗ್ ಎಂಬ ಹೆಸರು ಕೇಳಿಬಂತು. ಫ್ರಾನ್ಸಿನ ಆನ್ರಿ ಲೆಬೆಗ್ ರೂಪಿಸಿದ ಸಮಾಕಲನದ ಸಿದ್ಧಾಂತ ಆಗಿನ್ನೂ ಹೊಸದು. ವಿಶ್ವವಿದ್ಯಾನಿಲಯಗಳಲ್ಲೂ ಅದನ್ನು ಬಲ್ಲವರು ವಿರಳ. ಉದ್ಯಾನದ ಬೆಂಚಿನ ಮೇಲೆ ಅದರ ಚರ್ಚೆ ನಡೆಯುವುದನ್ನು ಕೇಳಿ ಬೆರಗಾದ ಸ್ಟೈನ್‌ಹೌಸ್ ಹತ್ತಿರ ಹೋಗಿ ಪರಿಚಯ ಮಾಡಿಕೊಂಡರು. ಒಬ್ಬರು ಸ್ಟೆಫಾನ್ ಬಾನಾಖ್, ಇನ್ನೊಬ್ಬರು ಓಟ್ಟೊ ನಿಕೊದಿಮ್. ತಾವು ಬಹುಕಾಲದಿಂದ ತೊಡಗಿಕೊಂಡಿದ್ದ ಫೂರಿಯೆ ಶ್ರೇಣಿಗಳ ಒಂದು ಸಮಸ್ಯೆಯನ್ನು ಸ್ಟೈನ್‌ಹೌಸ್ ಮುಂದಿಟ್ಟರು. ಕೆಲವೇ ದಿನಗಳಲ್ಲಿ ಬಾನಾಖ್ ಅದರ ಪರಿಹಾರದೊಡನೆ ಬಂದರು. ಅದು ಅವರಿಬ್ಬರ ಜಂಟಿ ಲೇಖನವಾಗಿ ಪ್ರಕಟವಾಯಿತು. ಗಣಿತದಲ್ಲಿ ತಾವು ಮಾಡಿದ ಅತಿ ದೊಡ್ಡ ಶೋಧ ಬಾನಾಖ್ ಎಂದೇ ಸ್ಟೈನ್‌ಹೌಸ್ ಜೀವನಪರ್ಯಂತ ಹೇಳಿಕೊಂಡರು.

ಯುದ್ಧದ ಅಂತ್ಯದೊಡನೆ ಪೋಲೆಂಡ್ ಮತ್ತೆ ಸ್ವತಂತ್ರವಾಯಿತು. 1920ರಲ್ಲಿ ಬಾನಾಖ್ ವೂತ್ಸ್ಯಾ ಬ್ರೌಸ್ ಅವರನ್ನು ವಿವಾಹವಾದರು. ಅದೇ ವರ್ಷ ಪ್ರೊಫೆಸರ್ ಆಂತೋನಿ ವೊಮ್ನಿತ್ಸ್ಕಿ ಅವರಿಗೆ ಲ್ವೂಫ್ ಪಾಲಿಟೆಕ್ನಿಕ್ಕಿನಲ್ಲಿ ಸಹಾಯಕನ ಹುದ್ದೆ ಕೊಟ್ಟರು. ಪದವಿಯಿಲ್ಲದ ಅಭ್ಯರ್ಥಿಗೆ ಡಾಕ್ಟರೇಟ್ ಕೊಡುವುದು ನಿಯಮಕ್ಕೆ ಹೊರತಾದುದು. ಆದರೂ ಲ್ವೂಫ್‌ನ ಯಾನ್ ಕಾಝಿಮಿಯೆಶ್ ವಿಶ್ವವಿದ್ಯಾನಿಲಯ ಅವರ ಪ್ರಬಂಧವನ್ನು ಸ್ವೀಕರಿಸಿತು. ಈ ಪ್ರಬಂಧದ ಸುತ್ತ ಒಂದು ಕಥೆ ಪ್ರಚಲಿತವಾಗಿದೆ. ಬಾನಾಖ್ ಬರೆಯಲು ಕೂರುವವರೇ ಅಲ್ಲವಾದ್ದರಿಂದ, ಅವರ ಬಾಯಿಂದ ಬಂದ ಪ್ರಮೇಯಗಳನ್ನೆಲ್ಲ ಗುರುತು ಹಾಕಿಕೊಳ್ಳಲು ಒಬ್ಬ ಕಿರಿಯನನ್ನು ನೇಮಿಸಿದರಂತೆ. ಆ ಟಿಪ್ಪಣಿಗಳೇ ಪ್ರಬಂಧವಾದವಂತೆ. ಕಥೆ ಎಷ್ಟರಮಟ್ಟಿಗೆ ನಿಜವೋ, ಆ ವಲಯದವರು ಬಾನಾಖರನ್ನು ಹೇಗೆ ಕಂಡಿದ್ದರು ಎಂಬುದಂತೂ ಅದರಲ್ಲಿದೆ.

1922ರಲ್ಲಿ ಅಚ್ಚಾದ ಆ ಪ್ರಬಂಧ ಗಣಿತದ ಒಂದು ಶಾಖೆಗೆ ಅಡಿಗಲ್ಲಾಯಿತು. ಅದರ ತಿರುಳು ಹೀಗಿದೆ. ಸಮತಲದಲ್ಲಿ ಒಂದು ಬಿಂದುವನ್ನು ಗುರುತಿಸಲು ಎರಡು ಸಂಖ್ಯೆಗಳು ಸಾಕು, ಕೋಣೆಯೊಳಗಿನ ಬಿಂದುವಿಗೆ ಮೂರು. ಆದರೆ ಕಂಪಿಸುವ ತಂತಿಯ ಆಕಾರವನ್ನಾಗಲಿ, ಕಾದ ಸರಳಿನ ಉದ್ದಕ್ಕೂ ಹರಡಿದ ಶಾಖವನ್ನಾಗಲಿ ಹೇಳಬೇಕಾದರೆ ಒಂದು ಇಡೀ ಫಲನವೇ, ಅಂದರೆ ಫಂಕ್ಷನ್ನೇ ಬೇಕು. ಅಂಥ ಒಂದೊಂದು ಫಲನವನ್ನೂ ಒಂದು ಬಿಂದುವೆಂದು ಎಣಿಸಿದರೆ ಅವೆಲ್ಲ ಕೂಡಿದ ಅವಕಾಶಕ್ಕೆ ಅನಂತ ಆಯಾಮಗಳಿರುತ್ತವೆ. ಈ ಅವಕಾಶಕ್ಕೆ ಬಾನಾಖ್ ಮೂರು ಕಟ್ಟಳೆಗಳನ್ನು ವಿಧಿಸಿದರು. ಒಂದು, ಬಿಂದುಗಳನ್ನು ಕೂಡಿಸಲು ಮತ್ತು ಸಂಖ್ಯೆಯಿಂದ ಗುಣಿಸಲು ಬರಬೇಕು. ಎರಡು, ಪ್ರತಿ ಬಿಂದುವಿಗೂ ನಾರ್ಮ್ ಎಂಬ ಒಂದು ಅಳತೆ ಇರಬೇಕು; ಅದರಿಂದ ಎರಡು ಬಿಂದುಗಳ ನಡುವಿನ ದೂರ ತಿಳಿಯಬೇಕು. ಮೂರು, ಅವಕಾಶ ಪೂರ್ಣವಾಗಿರಬೇಕು, ಅದರಲ್ಲಿ ಬಿರುಕುಗಳಿರಬಾರದು. 1, 1.4, 1.41, 1.414 ಎಂದು ಸಾಗುವ ಭಿನ್ನರಾಶಿಗಳು ಒಂದಕ್ಕೊಂದು ಹತ್ತಿರವಾಗುತ್ತ ಹೋಗುತ್ತವೆ. ಆದರೆ ಅವು ತಲುಪಬೇಕಾದ ಎರಡರ ವರ್ಗಮೂಲ ಭಿನ್ನರಾಶಿಗಳ ಲೋಕದಲ್ಲಿ ಇಲ್ಲ. ಇಂಥ ಕೊರತೆ ಇರಕೂಡದು ಎಂಬುದೇ ಮೂರನೆಯ ಕಟ್ಟಳೆ. ಇದನ್ನು ಹೋಲುವ ವಿಚಾರಗಳು ಅದೇ ಕಾಲದಲ್ಲಿ ಅಮೆರಿಕದ ನಾರ್ಬರ್ಟ್ ವೀನರ್ ಅವರಿಗೂ ಹೊಳೆದಿದ್ದವು. ಆದರೆ ಈ ಮೂರು ಕಟ್ಟಳೆಗಳ ಮೇಲೆ ಒಂದು ಸಿದ್ಧಾಂತಸೌಧವನ್ನೇ ಎಬ್ಬಿಸಿದವರು ಬಾನಾಖ್. ಫ್ರಾನ್ಸಿನ ಮೊರೀಸ್ ಫ್ರೆಷೆ ಇವನ್ನು ಬಾನಾಖ್ ಸ್ಪೇಸ್‌ಗಳೆಂದು ಕರೆದರು. ಬಾನಾಖ್ ಮಾತ್ರ ತಮ್ಮ ಗ್ರಂಥದಲ್ಲಿ ಅವನ್ನು ಬಿ ಮಾದರಿಯ ಅವಕಾಶಗಳೆಂದಷ್ಟೇ ಹೆಸರಿಸಿದರು.

ಅದೇ ಪ್ರಬಂಧದಲ್ಲಿ ಸ್ಥಿರಬಿಂದು ಪ್ರಮೇಯವೂ ಇದೆ. ಒಂದು ಊರಿನ ನಕ್ಷೆಯನ್ನು ಅದೇ ಊರಿನ ನೆಲದ ಮೇಲೆ ಹಾಸಿದರೆ, ನಕ್ಷೆಯ ಯಾವುದೋ ಒಂದು ಬಿಂದು, ಒಂದೇ ಒಂದು ಬಿಂದು, ತಾನು ಸೂಚಿಸುವ ಸ್ಥಳದ ಮೇಲೆಯೇ ಕುಳಿತಿರುತ್ತದೆ. ದೂರಗಳನ್ನು ಕುಗ್ಗಿಸುವ ಎಲ್ಲ ಕ್ರಿಯೆಗಳಿಗೂ ಇದು ಸಲ್ಲುತ್ತದೆಂದು ಬಾನಾಖ್ ತೋರಿಸಿದರು. ಸಮೀಕರಣಗಳಿಗೆ ಪರಿಹಾರ ಇದೆಯೆಂದು ಸಾಧಿಸಲು ಗಣಿತಜ್ಞರು ಇಂದಿಗೂ ಮೊದಲು ಕೈಚಾಚುವುದು ಈ ಪ್ರಮೇಯಕ್ಕೇ.

ಬಳಿಕದ ಏಳಿಗೆ ತ್ವರಿತವಾಗಿತ್ತು. 1922ರಲ್ಲಿ ಪ್ರಾಧ್ಯಾಪಕ ಪದವಿ ದೊರೆಯಿತು. 1927ರಲ್ಲಿ ಅವರು ಪೂರ್ಣ ಪ್ರೊಫೆಸರರಾದರು. 1924ರಲ್ಲಿ ಆಲ್ಫ್ರೆಡ್ ತಾರ್ಸ್ಕಿಯವರೊಡನೆ ಅವರು ಪ್ರಕಟಿಸಿದ ಪ್ರಮೇಯ ಇಂದಿಗೂ ಬೆರಗು ಹುಟ್ಟಿಸುತ್ತದೆ. ಒಂದು ಘನಗೋಳವನ್ನು ಕೆಲವೇ ತುಣುಕುಗಳಾಗಿ ವಿಂಗಡಿಸಿ, ಅವನ್ನು ಸರಿಸಿ ತಿರುಗಿಸಿ ಜೋಡಿಸಿದರೆ, ಮೊದಲಿನಷ್ಟೇ ದೊಡ್ಡದಾದ ಎರಡು ಗೋಳಗಳಾಗುತ್ತವೆ. ಆ ತುಣುಕುಗಳಿಗೆ ಗಾತ್ರವೆಂಬ ಅಳತೆಯೇ ಅನ್ವಯಿಸದಿರುವುದು ಇದರ ಗುಟ್ಟು. 1927ರಲ್ಲಿ ಸ್ಟೈನ್‌ಹೌಸ್ ಜೊತೆಗೂಡಿ ಸಾಧಿಸಿದ ಪ್ರಮೇಯ, ಆಸ್ಟ್ರಿಯಾದ ಹಾನ್ಸ್ ಹಾನ್ ಮತ್ತು ಬಾನಾಖ್ ಬೇರೆಬೇರೆಯಾಗಿ ಕಂಡುಕೊಂಡ ವಿಸ್ತರಣ ಪ್ರಮೇಯ ಇವೆಲ್ಲ ಇಂದು ವಿದ್ಯಾರ್ಥಿಗಳ ಪಾಠದ ಭಾಗ. 1929ರಲ್ಲಿ ಬಾನಾಖ್ ಮತ್ತು ಸ್ಟೈನ್‌ಹೌಸ್ ಲ್ವೂಫ್‌ನಲ್ಲಿ ಸ್ಟೂಡಿಯಾ ಮ್ಯಾಥಮ್ಯಾಟಿಕಾ ಎಂಬ ಪತ್ರಿಕೆಯನ್ನು ಆರಂಭಿಸಿದರು. ಒಂದೇ ಶಾಖೆಗೆ ಮೀಸಲಾದ ಪತ್ರಿಕೆ ಆಗ ಅಪರೂಪ.

ಅವರ ಮಹಾಗ್ರಂಥ ಮೊದಲು 1931ರಲ್ಲಿ ಪೋಲಿಷ್ ಭಾಷೆಯಲ್ಲಿ ಬಂತು. ಮರುವರ್ಷ ಫ್ರೆಂಚಿನಲ್ಲಿ ವಿಸ್ತಾರಗೊಂಡು ಹೊರಬಂತು. ಜಗತ್ತು ಓದಿದ್ದು ಎರಡನೆಯದನ್ನು. ಆದರೆ ಒಂದು ಶತಮಾನಕ್ಕೂ ಮೀರಿ ಸ್ವಂತ ರಾಷ್ಟ್ರವಿಲ್ಲದಿದ್ದ ಒಂದು ನುಡಿಯಲ್ಲಿ ಗಣಿತದ ಅತ್ಯಂತ ಹೊಸ ಶಾಖೆಯ ಮೊದಲ ಗ್ರಂಥ ಮೂಡಿತೆಂಬುದು ಸಣ್ಣ ಸಂಗತಿಯಲ್ಲ. ವೊಜಿಮ್ಯೆಶ್ ಸ್ತೊಝೆಕ್ ಮತ್ತು ವಾತ್ಸ್ವಾಫ್ ಸಿಯೆರ್ಪಿನ್ಸ್ಕಿ ಅವರೊಡನೆ ಸೇರಿ ಬಾನಾಖ್ ಶಾಲಾಮಕ್ಕಳಿಗಾಗಿಯೂ ಅಂಕಗಣಿತ, ಬೀಜಗಣಿತ ಮತ್ತು ರೇಖಾಗಣಿತದ ಪಠ್ಯಗಳನ್ನು ಪೋಲಿಷಿನಲ್ಲಿ ಬರೆದರು. ಕೈಯಲ್ಲಿ ಹಣ ನಿಲ್ಲದ ಸ್ವಭಾವ ಅವರದು; ಸಾಲ ತೀರಿಸುವ ಒತ್ತಡವೂ ಈ ಬರವಣಿಗೆಯ ಹಿಂದಿತ್ತು.

ಆದರೆ ಅವರ ನಿಜವಾದ ತರಗತಿ ನಡೆದದ್ದು ಕಾಫಿಗೃಹದಲ್ಲಿ. ವಿಶ್ವವಿದ್ಯಾನಿಲಯಕ್ಕೆ ಸಮೀಪದಲ್ಲಿದ್ದ ಸ್ಕಾಟಿಷ್ ಕೆಫೆಯಲ್ಲಿ ಬಾನಾಖ್, ಸ್ತಾನಿಸ್ವಾಫ್ ಮಾಝುರ್ ಮತ್ತು ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ಸ್ತಾನಿಸ್ವಾಫ್ ಉಲಾಮ್ ಗಂಟೆಗಟ್ಟಲೆ ಕೂರುತ್ತಿದ್ದರು. ಒಮ್ಮೆ ಊಟದ ವಿರಾಮ ಬಿಟ್ಟರೆ ಹದಿನೇಳು ಗಂಟೆ ಸತತವಾಗಿ ಕುಳಿತದ್ದನ್ನು ಉಲಾಮ್ ಮುಂದೆ ನೆನೆದಿದ್ದಾರೆ. ಒಬ್ಬರು ಸಮಸ್ಯೆ ಎತ್ತುವರು, ಇನ್ನೊಬ್ಬರು ಅರೆವಾಕ್ಯದಲ್ಲಿ ಉತ್ತರಿಸುವರು, ಮತ್ತೆ ದೀರ್ಘ ಮೌನ. ಮೇಜಿನ ಹಾಸುಗಲ್ಲು ಅಮೃತಶಿಲೆಯದಾಗಿದ್ದುದರಿಂದ ಪೆನ್ಸಿಲಿನಿಂದ ಅದರ ಮೇಲೆಯೇ ಬರೆಯುತ್ತಿದ್ದರು. ರಾತ್ರಿ ಬಾಗಿಲು ಮುಚ್ಚುವಾಗ ಅವನ್ನೆಲ್ಲ ಒರೆಸಿ ತೊಳೆಯಲಾಗುತ್ತಿತ್ತು. ಹೀಗೆ ಅಳಿಸಿಹೋದ ಸಾಧನೆಗಳಲ್ಲಿ ಕೆಲವನ್ನು ಮತ್ತೆ ಯಾರಿಂದಲೂ ನೆನಪಿಸಿಕೊಳ್ಳಲಾಗಲಿಲ್ಲ.

ಇದನ್ನು ಕಂಡು ವೂತ್ಸ್ಯಾ ಬಾನಾಖ್ ಒಂದು ದಪ್ಪ ನೋಟುಪುಸ್ತಕವನ್ನು ಕೊಂಡುತಂದರು. ಅದನ್ನು ಕೆಫೆಯಲ್ಲಿಯೇ ಇರಿಸಲಾಯಿತು. ಗಣಿತಜ್ಞರು ಕೇಳಿದಾಗ ಪರಿಚಾರಕ ತಂದುಕೊಡುತ್ತಿದ್ದ. 1935ರ ಜುಲೈ 17ರಂದು ಬಾನಾಖ್ ಮೊದಲ ಸಮಸ್ಯೆಯನ್ನು ಬರೆದರು. ಮುಂದೆ ಸ್ಕಾಟಿಷ್ ಬುಕ್ ಎಂದು ಹೆಸರಾದದ್ದು ಈ ಪುಸ್ತಕವೇ. ಸಮಸ್ಯೆ ಬಿಡಿಸಿದವರಿಗೆ ಬಹುಮಾನವನ್ನೂ ಅದರಲ್ಲಿ ಗೊತ್ತುಮಾಡುವ ವಾಡಿಕೆಯಿತ್ತು. ಒಂದಕ್ಕೆ ಬಿಯರು, ಒಂದಕ್ಕೆ ವೈನು, ಮತ್ತೊಂದಕ್ಕೆ ಜೀವಂತ ಬಾತುಕೋಳಿ.

ಬಾತುಕೋಳಿಯ ಬಹುಮಾನದ ಸಮಸ್ಯೆ 153ನೆಯದು. ಬರೆದವರು ಮಾಝುರ್, ದಿನ 1936ರ ನವೆಂಬರ್ 6. ಅದರ ಆಳ ತಿಳಿಯಬೇಕಾದರೆ ಬಾನಾಖ್ ಅವಕಾಶಗಳ ಜ್ಯಾಮಿತಿಯತ್ತ ಕಣ್ಣುಹಾಯಿಸಬೇಕು. ಸಮತಲದಲ್ಲಿ ಒಂದು ಕೇಂದ್ರದಿಂದ ಒಂದು ಮಾನದೊಳಗಿರುವ ಬಿಂದುಗಳನ್ನೆಲ್ಲ ಗುರುತಿಸಿದರೆ ವೃತ್ತ ಮೂಡುತ್ತದೆ. ನೇರ ದೂರದ ಬದಲು, ಚೌಕಟ್ಟಾಗಿ ಹಾಯುವ ಬೀದಿಗಳಲ್ಲಿ ನಡೆಯುವವನ ದೂರವನ್ನು ಹಿಡಿದರೆ ಅದೇ ಆಕೃತಿ ಮೂಲೆಯ ಮೇಲೆ ನಿಂತ ಚೌಕವಾಗುತ್ತದೆ. ಅಳತೆ ಬದಲಾದರೆ ಗೋಳದ ರೂಪವೂ ಬದಲಾಗುತ್ತದೆ. ಆಯಾಮಗಳು ಎಣಿಕೆಗೆ ಸಿಗುವವರೆಗೆ ಈ ಭೇದ ಮೇಲ್ನೋಟದ್ದು. ಒಂದು ಆಕೃತಿಯನ್ನು ಹಿಗ್ಗಿಸಿ ಕುಗ್ಗಿಸಿ ಇನ್ನೊಂದರೊಳಗೆ ಕೂರಿಸಬಹುದು. ಆಯಾಮಗಳು ಅನಂತವಾದಾಗ ಅವಕಾಶಗಳು ಮೂಲಸ್ವರೂಪದಲ್ಲಿಯೇ ಬೇರೆಬೇರೆಯಾಗಬಹುದು. ಅವುಗಳ ಸ್ವಭಾವವನ್ನು ಅರಿಯುವ ಒಂದು ದಾರಿಯೆಂದರೆ, ಒಂದರಿಂದ ಇನ್ನೊಂದಕ್ಕೆ ಬಿಂದುಗಳನ್ನು ಕೊಂಡೊಯ್ಯುವ ಆಪರೇಟರುಗಳನ್ನು ಪರಿಶೀಲಿಸುವುದು.

ಆಪರೇಟರುಗಳಲ್ಲಿ ಅತ್ಯಂತ ಸರಳವಾದವು, ಅನಂತ ಆಯಾಮದ ಅವಕಾಶವನ್ನು ಪರಿಮಿತ ಆಯಾಮದೊಳಗೆ ಇಳಿಸುವಂಥವು. ಅವುಗಳ ನಂತರದವು ಕಾಂಪ್ಯಾಕ್ಟ್ ಆಪರೇಟರುಗಳು. ಇವು ಗೋಳವನ್ನು ಎಷ್ಟು ಒತ್ತಾಗಿ ಅಡಕಗೊಳಿಸುತ್ತವೆಂದರೆ, ಎಷ್ಟೇ ಕಿರಿದಾದ ಗೋಳಗಳನ್ನು ತೆಗೆದುಕೊಂಡರೂ ಎಣಿಸಿ ಮುಗಿಯುವಷ್ಟು ಗೋಳಗಳಿಂದ ಅದರ ಬಿಂಬವನ್ನು ಮುಚ್ಚಬಹುದು. ಈ ಎರಡು ಗುಂಪುಗಳಿಗೂ ಒಂದು ಸಮಾನ ಲಕ್ಷಣವಿದೆ. ಗುಂಪಿನ ಇಬ್ಬರನ್ನು ಕೂಡಿಸಿದರೆ ಬರುವುದು ಗುಂಪಿನೊಳಗೇ ಉಳಿಯುತ್ತದೆ. ಗುಂಪಿನ ಒಂದು ಆಪರೇಟರಿನ ಹಿಂದೆ ಅಥವಾ ಮುಂದೆ ಹೊರಗಿನ ಯಾವುದೇ ಮಿತಿಯುಳ್ಳ ಆಪರೇಟರನ್ನು ಜೋಡಿಸಿದರೂ ಅದರ ಗುಣ ಕೆಡುವುದಿಲ್ಲ. ಇಂಥ ಗುಂಪಿಗೆ ಐಡಿಯಲ್ ಎಂದು ಹೆಸರು. ಪ್ರತಿಯೊಂದು ಕಾಂಪ್ಯಾಕ್ಟ್ ಆಪರೇಟರನ್ನೂ ಸರಳ ಆಪರೇಟರುಗಳಿಂದ ಬೇಕಾದಷ್ಟು ಸಮೀಪಿಸಬಹುದೇ? ಹಿಲ್ಬರ್ಟರ ಹೆಸರಿನ ಅವಕಾಶದಲ್ಲಿ ಉತ್ತರ ಹೌದು. ಎಲ್ಲ ಬಾನಾಖ್ ಅವಕಾಶಗಳಲ್ಲೂ ಹೌದೇ? ಮಾಝುರ್ ಬರೆದ ಸಮಸ್ಯೆ ಒಂದು ಚೌಕದ ಮೇಲಿನ ಫಲನಗಳ ಭಾಷೆಯಲ್ಲಿತ್ತು. ಅದರ ಒಡಲಲ್ಲಿದ್ದುದು ಇದೇ ಪ್ರಶ್ನೆಯೆಂದು 1950ರ ದಶಕದಲ್ಲಿ ಅಲೆಕ್ಸಾಂಡರ್ ಗ್ರೋಥೆನ್‌ಡೀಕ್ ತೋರಿಸಿಕೊಟ್ಟರು.

ಅಷ್ಟರಲ್ಲಿ ಲ್ವೂಫ್‌ನ ಆ ಮೇಜು ಚದುರಿಹೋಗಿತ್ತು. 1939ರಲ್ಲಿ ಬಾನಾಖ್ ಪೋಲಿಷ್ ಗಣಿತ ಸಂಘದ ಅಧ್ಯಕ್ಷರಾಗಿ ಆಯ್ಕೆಯಾದರು. ಅದೇ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾಗಿ ನಗರ ಸೋವಿಯೆತ್ ಒಕ್ಕೂಟದ ವಶವಾಯಿತು. ಹೊಸ ಆಡಳಿತ ಬಾನಾಖರನ್ನು ಗೌರವದಿಂದ ಕಂಡಿತು. ಅವರು ವಿಶ್ವವಿದ್ಯಾನಿಲಯದಲ್ಲಿ ಡೀನ್ ಆದರು. ಸ್ಕಾಟಿಷ್ ಬುಕ್‌ನಲ್ಲಿ ರಷ್ಯಾದ ಅತಿಥಿಗಳೂ ಸಮಸ್ಯೆಗಳನ್ನು ಬರೆದರು. 1941ರ ಮೇ 31ರಂದು ಸ್ಟೈನ್‌ಹೌಸ್ ಬರೆದದ್ದು ಕೊನೆಯ ನಮೂದು. ಮರುತಿಂಗಳು ಜರ್ಮನ್ ಸೈನ್ಯ ಮುನ್ನುಗ್ಗಿತು.

ಜುಲೈ ಆರಂಭದ ದಿನಗಳಲ್ಲಿಯೇ ನಾಝಿಗಳು ಲ್ವೂಫ್‌ನ ಪ್ರಾಧ್ಯಾಪಕರನ್ನು ಮನೆಗಳಿಂದ ಎಳೆದೊಯ್ದು ಗುಂಡಿಕ್ಕಿ ಕೊಂದರು. ಬಾನಾಖರಿಗೆ ಮೊದಲ ಹುದ್ದೆ ಕೊಟ್ಟ ವೊಮ್ನಿತ್ಸ್ಕಿ, ಅವರೊಡನೆ ಶಾಲಾಪಠ್ಯ ಬರೆದ ಸ್ತೊಝೆಕ್ ಆ ಬಲಿಗಳಲ್ಲಿ ಸೇರಿದ್ದರು. ಯಹೂದಿಗಳಾಗಿದ್ದ ಯೂಲಿಯುಷ್ ಷೌಡರ್ ಮುಂತಾದ ಪ್ರತಿಭಾವಂತರು ಬಳಿಕದ ವರ್ಷಗಳಲ್ಲಿ ಹತರಾದರು. ಸ್ಟೈನ್‌ಹೌಸ್ ಹೆಸರು ಬದಲಿಸಿಕೊಂಡು ಹಳ್ಳಿಗಳಲ್ಲಿ ಅಡಗಿ ಜೀವ ಉಳಿಸಿಕೊಂಡರು. ಬಾನಾಖರನ್ನು ಬಂಧಿಸಿ ಕೆಲವು ವಾರಗಳ ಬಳಿಕ ಬಿಟ್ಟರು. ಅನಂತರ ಅವರಿಗೆ ಆಸರೆಯಾದದ್ದು ರುಡಾಲ್ಫ್ ವೈಗ್ಲ್ ಅವರ ಟೈಫಸ್ ಲಸಿಕೆಯ ಸಂಸ್ಥೆ. ಆ ಲಸಿಕೆಗೆ ಬೇಕಾದ ಹೇನುಗಳು ಬದುಕುವುದು ಮನುಷ್ಯರಕ್ತದಿಂದ. ಹೇನು ತುಂಬಿದ ಪುಟ್ಟ ಪೆಟ್ಟಿಗೆಗಳನ್ನು ಕಾಲಿಗೆ ಕಟ್ಟಿಕೊಂಡು ಅವಕ್ಕೆ ರಕ್ತ ಹೀರಲು ಬಿಡುವುದೇ ಅಲ್ಲಿನ ಉದ್ಯೋಗ. ಆ ಸಂಸ್ಥೆಯ ಗುರುತುಚೀಟಿ ಇದ್ದವರನ್ನು ಜರ್ಮನರು ಸಾಮಾನ್ಯವಾಗಿ ಮುಟ್ಟುತ್ತಿರಲಿಲ್ಲ. ಓಸ್ಲೊದ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ 1936ರಲ್ಲಿ ಪ್ರಧಾನ ಉಪನ್ಯಾಸ ಕೊಟ್ಟ ಬಾನಾಖ್ 1944ರ ಬೇಸಗೆಯವರೆಗೆ ಹೇನುಗಳಿಗೆ ರಕ್ತವೂಡಿಸಿ ಬದುಕಿದರು.

ಜರ್ಮನರು ಹಿಮ್ಮೆಟ್ಟಿದಾಗ ಶ್ವಾಸಕೋಶದ ಕ್ಯಾನ್ಸರ್ ಅವರನ್ನು ಹಿಡಿದಿತ್ತು. ಕ್ರಾಕುಫ್‌ಗೆ ಹೋಗಿ ಯಾಗೆಲೋನಿಯನ್ ವಿಶ್ವವಿದ್ಯಾನಿಲಯದ ಗಣಿತ ಪೀಠವನ್ನು ವಹಿಸಿಕೊಳ್ಳುವ ಆಲೋಚನೆ ಇತ್ತು, ಅದು ಕೈಗೂಡಲಿಲ್ಲ. 1945ರ ಆಗಸ್ಟ್ 31ರಂದು, ಐವತ್ತಮೂರನೆಯ ವಯಸ್ಸಿನಲ್ಲಿ, ಅವರು ಲ್ವೂಫ್‌ನಲ್ಲಿ ತೀರಿಕೊಂಡರು. ಆ ನಗರವನ್ನು ಆಸ್ಟ್ರಿಯನ್ನರು ಲೆಂಬರ್ಗ್ ಎಂದರು, ಪೋಲರು ಲ್ವೂಫ್ ಎಂದರು, ರಷ್ಯನ್ನರು ಲ್ವೋವ್ ಎಂದರು. ಇಂದು ಉಕ್ರೇನಿನಲ್ಲಿ ಅದರ ಹೆಸರು ಲ್ವಿವ್. ಬಾನಾಖ್ ಅಲ್ಲಿಗೆ ಬಂದದ್ದು ಆಸ್ಟ್ರಿಯಾದ ಆಳ್ವಿಕೆಯಲ್ಲಿ. ಲಿಚಾಕಿವ್ ಸ್ಮಶಾನದಲ್ಲಿ ಅವರ ದೇಹ ಮಣ್ಣಾದದ್ದು ಸೋವಿಯೆತ್ ಆಳ್ವಿಕೆಯಲ್ಲಿ. ಊರು ಕದಲಲಿಲ್ಲ, ಗಡಿಗಳು ಕದಲಿದವು. ಅಲ್ಲಿನ ಪೋಲಿಷ್ ಭಾಷಿಕರು ಗುಂಪುಗುಂಪಾಗಿ ಪಶ್ಚಿಮಕ್ಕೆ ವಲಸೆ ಹೋದರು.

ಆ ವಲಸೆಯಲ್ಲಿ ನೋಟುಪುಸ್ತಕವೂ ಸಾಗಿತು. ಯುದ್ಧಕ್ಕೆ ಮುನ್ನ, ಅಪಾಯ ಬಂದರೆ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು ಫುಟ್‌ಬಾಲ್ ಮೈದಾನದ ಗೋಲುಕಂಬದ ಬಳಿ ಹೂಳುವುದೆಂದು ಮಾಝುರ್ ಯೋಚಿಸಿದ್ದರಂತೆ. ಅದು ಬಾನಾಖರ ಕುಟುಂಬದ ಕೈಯಲ್ಲಿ ಉಳಿದು ವ್ರೊತ್ಸ್ವಾಫ್ ನಗರಕ್ಕೆ ತಲುಪಿತು. ಸ್ಟೈನ್‌ಹೌಸ್ ಅದನ್ನು ತಮ್ಮ ಕೈಯಾರೆ ನಕಲು ಮಾಡಿ 1956ರಲ್ಲಿ ಅಮೆರಿಕದಲ್ಲಿದ್ದ ಉಲಾಮ್ ಅವರಿಗೆ ಕಳುಹಿಸಿದರು. ಉಲಾಮ್ ಇಂಗ್ಲಿಷಿಗೆ ಅನುವಾದಿಸಿ ಹಂಚಿದ ಮೇಲೆ ಒಂದು ಕಾಫಿಗೃಹದ ಪ್ರಶ್ನೆಗಳು ಜಗತ್ತಿನ ಪ್ರಶ್ನೆಗಳಾದವು. ಸ್ಟೂಡಿಯಾ ಮ್ಯಾಥಮ್ಯಾಟಿಕಾ ಕೂಡ ವ್ರೊತ್ಸ್ವಾಫ್‌ನಿಂದ ಮತ್ತೆ ಹೊರಡತೊಡಗಿತು. ಆಪರೇಟರುಗಳ ಐಡಿಯಲ್‌ಗಳ ಅಧ್ಯಯನ ಬಲಿತದ್ದು ಈ ಪುನರುಜ್ಜೀವನದ ಕಾಲದಲ್ಲಿ. 1978ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಪೀಚ್ ಅದರ ಮೇಲೆ ಬೃಹದ್ಗ್ರಂಥವನ್ನೇ ಬರೆದರು.

1972ರಲ್ಲಿ ಸ್ವೀಡನ್ನಿನ ಪೇರ್ ಎನ್‌ಫ್ಲೊ ಎಂಬ ತರುಣ 153ನೆಯ ಸಮಸ್ಯೆಯನ್ನು ಬಿಡಿಸಿದರು. ಉತ್ತರ ಇಲ್ಲ ಎಂಬುದಾಗಿತ್ತು. ಸರಳ ಆಪರೇಟರುಗಳಿಂದ ಸಮೀಪಿಸಲಾಗದ ಕಾಂಪ್ಯಾಕ್ಟ್ ಆಪರೇಟರುಗಳು ಇರುವ ಬಾನಾಖ್ ಅವಕಾಶಗಳಿವೆ. ಬಾನಾಖ್ ತಮ್ಮ ಗ್ರಂಥದಲ್ಲಿ ಕೇಳಿದ್ದ ಆಧಾರಗಳ ಪ್ರಶ್ನೆಗೂ ಅದರಿಂದಲೇ ಉತ್ತರ ದೊರೆಯಿತು. ಮಾತು ಕೊಟ್ಟು ಮೂವತ್ತಾರು ವರ್ಷಗಳಾದ ಮೇಲೆ, ವಾರ್ಸಾ ನಗರದಲ್ಲಿ, ವೃದ್ಧರಾಗುತ್ತಿದ್ದ ಮಾಝುರ್ ಎನ್‌ಫ್ಲೊ ಅವರ ಕೈಗೆ ಜೀವಂತ ಬಾತುಕೋಳಿಯನ್ನು ಒಪ್ಪಿಸಿದರು. ಬಾನಾಖ್ ಎತ್ತಿದ್ದ ಇನ್ನೂ ಕೆಲವು ಪ್ರಶ್ನೆಗಳನ್ನು ಬಗೆಹರಿಸಿದ ಇಂಗ್ಲೆಂಡಿನ ತಿಮೊಥಿ ಗವರ್ಸ್ ಅವರಿಗೆ 1998ರಲ್ಲಿ ಫೀಲ್ಡ್ಸ್ ಪದಕ ಸಂದಿತು.

ಕ್ರಾಕುಫ್‌ನ ಪ್ಲಾಂತಿ ಉದ್ಯಾನದಲ್ಲಿ ಇಂದು ಒಂದು ಬೆಂಚಿದೆ. 2016ರಲ್ಲಿ ಸ್ಥಾಪಿಸಿದ ಆ ಬೆಂಚಿನ ಮೇಲೆ ಕಂಚಿನ ಬಾನಾಖ್ ಮತ್ತು ನಿಕೊದಿಮ್ ಮಾತಿನಲ್ಲಿ ಮುಳುಗಿ ಕುಳಿತಿದ್ದಾರೆ. ಅಲ್ಲಿ ಆರಂಭವಾದ ಮಾತು ಅಮೃತಶಿಲೆಯ ಮೇಜಿನ ಮೇಲೆ ಬೆಳೆದು, ಹಲವು ಬಾರಿ ಒರೆಸಿಹೋಗಿ, ಕೊನೆಗೆ ಉಳಿದದ್ದು ಮನೆಯಾಕೆ ತಂದಿಟ್ಟ ಒಂದು ನೋಟುಪುಸ್ತಕದಿಂದ ಮತ್ತು ಗೆಳೆಯನೊಬ್ಬ ಕೈಬರಹದಲ್ಲಿ ಮಾಡಿದ ಅದರ ನಕಲಿನಿಂದ. ಹೊಳೆದವರ ಹೆಸರು ಅವಕಾಶಗಳಿಗೆ ಸಂದಿತು. ಬರೆದಿಟ್ಟವರಿಗೂ ಕಾಪಾಡಿದವರಿಗೂ ಆ ಕೀರ್ತಿಯಲ್ಲಿ ಪಾಲಿದೆ.